ವಿಠ್ಠಲ ಮಲ್ಯ: ಹೆಸರಿಗೂ ಬೆಲೆ ಕಟ್ಟಿದ ಉದ್ಯಮಿ

ಬಂಟ್ವಾಳ ಮೂಲದ ಕೊಂಕಣಿ ಮನೆತನದ ವಿಠ್ಠಲ ಮಲ್ಯರು 1924ರಲ್ಲಿ ಢಾಕಾದಲ್ಲಿ ಜನಿಸಿದರು. ತಂದೆ ಸೈನ್ಯದಲ್ಲಿ ವೈದ್ಯರು. ಕಲಕತ್ತೆಯಲ್ಲಿ ಓದಿದ ಈ ತರುಣರು ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಕಂಪನಿಯ ಶೇರುಗಳನ್ನು ಕೊಳ್ಳತೊಡಗಿದರು. ದಕ್ಷಿಣದ ಐದು ಬಿಯರ್ ಕಾರಖಾನೆಗಳನ್ನು ಕೂಡಿಸಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ 1915ರಲ್ಲಿ ಕಟ್ಟಿದ ಕಂಪನಿಯದು. 1947ರಲ್ಲಿ ಮಲ್ಯರು ಅದರ ಮೊದಲ ಭಾರತೀಯ ನಿರ್ದೇಶಕರಾದರು; ಜತ್ತ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡ 1948ರಲ್ಲಿ ಅಧ್ಯಕ್ಷರಾದರು.

ಮದರಾಸು, ಮುಂಬಯಿ ಪ್ರಾಂತಗಳಲ್ಲಿ ಅದು ಪಾನನಿಷೇಧದ ಕಾಲ. ನಾಳೆ ಬೀಗ ಬೀಳಬಹುದಾದ ವ್ಯಾಪಾರಕ್ಕೆ ಯಾವ ಬೆಲೆ ಕಟ್ಟಬೇಕು? ಯಂತ್ರ, ಕಟ್ಟಡಗಳನ್ನಷ್ಟೇ ಎಣಿಸಿದರೆ ಉತ್ತರ ಸಿಗದು. ಹಳೆಯ ಹೆಸರಿಗೂ ಅವರ ಲೆಕ್ಕದಲ್ಲಿ ಸ್ಥಾನವಿತ್ತೆಂಬುದಕ್ಕೆ 1951ರಲ್ಲಿ ಅವರ ವಶವಾದ ಮೆಕ್‌ಡವೆಲ್ ಸಾಕ್ಷಿ. 1826ರಿಂದ ಮದರಾಸಿನಲ್ಲಿ ಪರದೇಶದ ಮದ್ಯ ತರಿಸಿ ಮಾರುತ್ತಿದ್ದ ಸಂಸ್ಥೆಯದು. 1959ರಲ್ಲಿ ಕೇರಳದ ಚೇರ್ತಲದಲ್ಲಿ ಅದಕ್ಕೆ ಸ್ವಂತ ಭಟ್ಟಿ ದೊರೆಯಿತು. ಜಾಮ್, ಹಣ್ಣಿನ ರಸಗಳ ಕಿಸಾನ್ ಸಹ ಬಳಗ ಸೇರಿತು. ಪಾನನಿಷೇಧದ ಅಂಜಿಕೆ ಅಲ್ಲಿರಲಿಲ್ಲವಷ್ಟೆ!

ಮದ್ಯದ ಗಳಿಕೆಯನ್ನು ಸಮಾಜ ಸಂಕೋಚದಿಂದ ನೋಡಿದ್ದು ಸಹಜವೇ. ಆದರೆ ವಿಲೀನದ ಲೆಕ್ಕ ಬಲ್ಲ ಅಂಥ ಉದ್ಯಮಿಗಳು ಆ ತಲೆಮಾರಿನಲ್ಲಿ ವಿರಳ. 1983ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಇಪ್ಪತ್ತೇಳರ ಮಗ ವಿಜಯ ಮಲ್ಯರ ಕೈಗೆ ಬಳಗ ಬಂದಿತು. ಬೆಂಗಳೂರಿನ ಗ್ರಾಂಟ್ ರಸ್ತೆಗೆ ಈಗ ವಿಠ್ಠಲ ಮಲ್ಯರ ಹೆಸರಿದೆ.