ಡೀಸೆಲ್ ಪಂಪ್ ಕೊಟ್ಟ ಬಾಷ್

ಹಳೆಯ ಡೀಸೆಲ್ ಕಾರಿನ ಫ್ಯುಯೆಲ್ ಇಂಜೆಕ್ಷನ್ ಪಂಪ್ ಬದಲಿಸುವುದೆಂದರೆ ನಾಲ್ಕು ಬೋಲ್ಟ್ ಬಿಚ್ಚಿ ಬಿಗಿಯುವ ಕೆಲಸವಲ್ಲ. ಟೈಮಿಂಗ್ ಗುರುತು ಕೂಡಬೇಕು, ಪೈಪುಗಳಲ್ಲಿನ ಗಾಳಿ ತೆಗೆಯಬೇಕು. ಗುರುತು ತಪ್ಪಿದರೆ ಎಂಜಿನ್ ಬಡಿದುಕೊಳ್ಳುತ್ತದೆ, ಇಲ್ಲವೇ ಹೊಗೆ ಉಗುಳುತ್ತದೆ. ಪಂಪಿನೊಳಗಿನ ಪ್ಲಂಜರ್ ಮತ್ತು ಬ್ಯಾರೆಲ್ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಕಿರಿದು. ನಮ್ಮ ನಲ್ಲೂರಿನಂಥ ಊರುಗಳಲ್ಲೂ ಮೈಕೋ ಪಂಪ್ ಎಂದರೆ ಸಾಕು, ಹಳೆಯ ಮೆಕ್ಯಾನಿಕ್‌ಗಳಿಗೆ ಗೊತ್ತಾಗುತ್ತದೆ. ಅದರ ಮೂಲ ಹುಡುಕಿದರೆ ಸಿಗುವ ವ್ಯಕ್ತಿ ರಾಬರ್ಟ್ ಬಾಷ್.

ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ಜರ್ಮನಿಯ ಉಲ್ಮ್ ನಗರದ ಬಳಿಯ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ತಂದೆ ಬೇಸಾಯದ ಜೊತೆ ಪ್ರಯಾಣಿಕರ ತಂಗುಮನೆ ನಡೆಸುತ್ತಿದ್ದರು. ಶಾಲೆ ಬಿಟ್ಟ ಬಾಷ್ ಉಲ್ಮ್‌ನಲ್ಲಿ ಸೂಕ್ಷ್ಮ ಯಂತ್ರಗಳ ಕೆಲಸ ಕಲಿಯಲು ಸೇರಿದರು. ಆದರೆ ಅಲ್ಲಿ ಸರಿಯಾಗಿ ಕಲಿಸುವವರೇ ಇರಲಿಲ್ಲ. ಮುಂದೆ ಸ್ಟುಟ್‌ಗಾರ್ಟ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಕೆಲವೇ ತಿಂಗಳು ಪಾಠ ಕೇಳಿದರು. ಉಳಿದದ್ದನ್ನು ಕಲಿತದ್ದು ದುಡಿಯುತ್ತಲೇ: ಅಮೆರಿಕದಲ್ಲಿ ಎಡಿಸನ್ ಕಂಪನಿಯಲ್ಲಿ, ಇಂಗ್ಲೆಂಡಿನಲ್ಲಿ ಸೀಮೆನ್ಸ್‌ನಲ್ಲಿ.

1886ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಇಬ್ಬರು ಕೆಲಸಗಾರರೊಂದಿಗೆ ಸಣ್ಣ ವರ್ಕ್‌ಶಾಪ್ ತೆರೆದರು. ಮೊದಲ ವರ್ಷಗಳು ಕೈಕಚ್ಚಿದವು. ಕೊನೆಗೆ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಮ್ಯಾಗ್ನೆಟೊ ಅವರ ಕೈಹಿಡಿಯಿತು. 1906ರಲ್ಲೇ ತಮ್ಮ ಕಾರ್ಖಾನೆಯಲ್ಲಿ ಎಂಟು ಗಂಟೆಗಳ ದುಡಿಮೆ ಜಾರಿಗೆ ತಂದರು. 1913ರಲ್ಲಿ ಅಪ್ರೆಂಟಿಸ್‌ಗಳಿಗೆಂದೇ ಪ್ರತ್ಯೇಕ ವರ್ಕ್‌ಶಾಪ್ ಆರಂಭಿಸಿದರು. ತಮಗೆ ಸಿಗದ ತರಬೇತಿ ಮುಂದಿನ ಹುಡುಗರಿಗೆ ಸಿಗುವಂತಾಯಿತು.

ಆ ಕಾಲದ ಹೆಚ್ಚಿನ ಡೀಸೆಲ್ ಎಂಜಿನ್‌ಗಳಲ್ಲಿ ಇಂಧನವನ್ನು ಒತ್ತಿದ ಗಾಳಿಯಿಂದ ಊದಬೇಕಿತ್ತು. ಅದಕ್ಕೆ ಬೇಕಾದ ಭಾರದ ಕಂಪ್ರೆಸರ್ ಕಾರಿನಲ್ಲಿ ಹಿಡಿಸುವಂಥದ್ದಲ್ಲ. 1922ರಲ್ಲಿ ಬಾಷ್ ಇಂಜೆಕ್ಷನ್ ಪಂಪಿನ ಕೆಲಸಕ್ಕೆ ಕೈಹಾಕಿದರು. ಐದು ವರ್ಷಗಳ ಪ್ರಯತ್ನದ ನಂತರ, 1927ರಲ್ಲಿ ಪಂಪಿನ ತಯಾರಿಕೆ ಶುರುವಾಯಿತು. 1936ರ ಮರ್ಸಿಡಿಸ್ ಬೆಂಜ್ 260 ಡಿ ಡೀಸೆಲ್ ಕಾರಿಗೂ ಬಾಷ್ ಪಂಪೇ.

1942ರ ಮಾರ್ಚ್ 12ರಂದು ಬಾಷ್ ತೀರಿಕೊಂಡರು. ಒಂಬತ್ತು ವರ್ಷಗಳ ಬಳಿಕ, 1951ರಲ್ಲಿ, ಮೈಕೋ ಹುಟ್ಟಿತು. ಬೆಂಗಳೂರಿನ ಆಡುಗೋಡಿಯಲ್ಲಿ ಅದರ ಕಾರ್ಖಾನೆ ಬೆಳೆಯಿತು. 2008ರಲ್ಲಿ ಅದರ ಹೆಸರೂ ಬಾಷ್ ಎಂದಾಯಿತು.

ಬಿಇ ಓದುವ ನಾವು ಇಂಟರ್ನ್‌ಶಿಪ್ ಹುಡುಕುವಾಗ ಸರ್ಟಿಫಿಕೇಟ್ ಯಾವಾಗ ಕೊಡುತ್ತಾರೆ ಎಂದು ಮೊದಲು ಕೇಳುತ್ತೇವೆ. ಕೈಗೆ ಸ್ಪ್ಯಾನರ್ ಕೊಡುತ್ತಾರಾ, ತಪ್ಪಿದರೆ ತಿದ್ದುವವರು ಪಕ್ಕದಲ್ಲಿ ಇರುತ್ತಾರಾ ಎಂದು ಕೇಳುವುದು ಕಡಿಮೆ. ಬಾಷ್ ಬದುಕು ಓದಿದ ಮೇಲೆ ಆ ಪ್ರಶ್ನೆಯೇ ಮೊದಲು ಬರಬೇಕು ಅನ್ನಿಸುತ್ತದೆ.