ಲಕ್ಕುಂಡಿಯ ಓಣಿಗಳಲ್ಲಿ ಅತ್ತಿಮಬ್ಬೆಯ ಜೊತೆ

ಇಂಟರ್ನಲ್ಸ್ ಮುಗಿದ ಮೇಲೆ ಎಲ್ಲಾದರೂ ಅಡ್ಡಾಡಿ ಬರೋಣ ಅನ್ನೋ ಮಾತು ನಮ್ಮ ಕನ್ನಡ ಬಳಗದಲ್ಲಿ ಪ್ರತಿ ಸಲ ಏಳುತ್ತದೆ. ಗುಡ್ಡ ಹತ್ತೋದು ಬ್ಯಾಡ, ಕಾಲು ನೋಯಬಾರದು, ಆದರೆ ನೋಡಾಕ ಏನಾದರೂ ಇರಬೇಕು. ಇದು ಎಲ್ಲರ ಬೇಡಿಕೆ. ನಮ್ಮಲ್ಲಿ ಗದಗ-ಬೆಟಗೇರಿಯವರಿದ್ದಾರೆ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯವರೂ ಇದ್ದಾರೆ. ಹಂಗಾಗಿ ಎಲ್ಲರೂ ತಮ್ಮ ತಮ್ಮ ಊರಿನ ಪರ. ಗದಗಿನವರು ಭೀಷ್ಮ ಕೆರೆ ದಂಡೆ ಅಂದರು. ಶಿರಹಟ್ಟಿಯವರು ಮಾಗಡಿ ಕೆರೆ ಅಂದರು. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಳಿಯೋದು ಅಲ್ಲೇ. ಲಕ್ಷ್ಮೇಶ್ವರದವರಿಗೆ ಸೋಮೇಶ್ವರ ಗುಡಿಯ ಅಂಗಳ, ಮುಂಡರಗಿಯವರಿಗೆ ಕಾಲುವೆ ದಂಡೆ. ಕಡೆಗೆ ಯಾರಿಗೂ ಬೇಸರ ಆಗದ ಹಾಗೆ ಲಕ್ಕುಂಡಿ ಎಂದು ತೀರ್ಮಾನ ಆಯಿತು. ಗದಗಿನಿಂದ ಕೊಪ್ಪಳದ ರಸ್ತೆಯಲ್ಲಿ ಸುಮಾರು 12 ಕಿಲೋಮೀಟರ್. ಬಸ್ಸಿನಿಂದ ಇಳಿದರೆ ಮುಂದೆಲ್ಲ ಸಪಾಟು ನೆಲ.

ಲಕ್ಕುಂಡಿಯಲ್ಲಿ 101 ಗುಡಿ, 101 ಬಾವಿ ಇದ್ದವು ಅಂತ ಊರ ಮಂದಿ ಹೇಳುತ್ತಾರೆ. ನಾವು ಎಣಿಸಲಿಲ್ಲ. ಆದರೆ ಒಂದು ಓಣಿಯಿಂದ ಇನ್ನೊಂದಕ್ಕೆ ಹೊರಳಿದರೆ ಒಂದು ಗುಡಿಯೋ ಬಾವಿಯೋ ಸಿಗುತ್ತದೆ ಅನ್ನೋದು ಮಾತ್ರ ಖರೆ. ಹಳೆಯ ಹೆಸರು ಲೊಕ್ಕಿಗುಂಡಿ. ಒಂದು ಕಾಲಕ್ಕೆ ಇದು ನಾಣ್ಯ ಟಂಕಿಸುತ್ತಿದ್ದ ದೊಡ್ಡ ಪಟ್ಟಣ. ಲೊಕ್ಕಿ ಗದ್ಯಾಣ ಎಂಬ ಹೊನ್ನಿನ ನಾಣ್ಯದ ಹೆಸರು ಈ ಊರಿನದೇ. ಈಗ ಅದೇ ನೆಲದ ಮೇಲೆ ಮನೆಗಳಿವೆ, ಕಟ್ಟೆ ಮೇಲೆ ಹಿರಿಯರು ಕೂತಿರುತ್ತಾರೆ.

ನಾವು ಮೊದಲು ಹೋದದ್ದು ಬ್ರಹ್ಮ ಜಿನಾಲಯಕ್ಕೆ. ಹಸಿರುಗಪ್ಪು ಛಾಯೆಯ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಈ ಕಲ್ಲು ಮೆತ್ತಗಿರುತ್ತದೆ, ಉಳಿಗೆ ಸುಲಭವಾಗಿ ಒಗ್ಗುತ್ತದೆ, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ನಮ್ಮ ಸಿವಿಲ್ ಗೆಳೆಯರು ಅದನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ, ಪದ್ಮಾವತಿಯ ಮೂರ್ತಿ. ಈ ಬಸದಿಯನ್ನು ಕಟ್ಟಿಸಿದ್ದು ರಾಜನಲ್ಲ, ಸೇನಾಪತಿಯಲ್ಲ. ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳು. ಇಲ್ಲಿಯ ಶಾಸನದ ಕಾಲ ಕ್ರಿ.ಶ. 1007. ಆಕೆಯ ಹೆಸರು ಅತ್ತಿಮಬ್ಬೆ.

ಹೆಸರನ್ನು ನಾವೆಲ್ಲ ಕೇಳಿದ್ದೇವೆ. ದಾನಚಿಂತಾಮಣಿ ಎಂಬ ಬಿರುದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವೆ. ಆಕೆಯ ಹೆಸರಿನಲ್ಲಿ ರಾಜ್ಯ ಸರ್ಕಾರ ಲೇಖಕಿಯರಿಗೆ ಪ್ರಶಸ್ತಿ ಕೊಡೋದೂ ಗೊತ್ತು. ಆದರೆ ಆಕೆಯ ಬದುಕು ಹೇಗಿತ್ತು ಅಂತ ಒಬ್ಬರನ್ನೊಬ್ಬರು ಕೇಳಿದಾಗ ಯಾರಿಗೂ ನಾಲ್ಕು ಮಾತು ಮುಂದೆ ಹೋಗಲಿಲ್ಲ. ಊರಿಂದ ಬಂದ ಮೇಲೆ ಲೈಬ್ರರಿಯಲ್ಲಿ ಕೂತು ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಅತ್ತಿಮಬ್ಬೆಯ ಮನೆತನದ ಮೂಲ ವೆಂಗಿ ನಾಡು, ಅಂದರೆ ಇವತ್ತಿನ ಆಂಧ್ರದ ಕಡೆ. ಅಜ್ಜ ನಾಗಮಯ್ಯ. ಅವನ ಮಕ್ಕಳು ಮಲ್ಲಪಯ್ಯ ಮತ್ತು ಪುನ್ನಮಯ್ಯ. ಮಲ್ಲಪಯ್ಯನ ಮಗಳೇ ಅತ್ತಿಮಬ್ಬೆ. ಈ ಅಣ್ಣತಮ್ಮಂದಿರು ಕತ್ತಿ ಹಿಡಿದವರು, ಜೊತೆಗೆ ಪುಸ್ತಕದ ಬೆಲೆ ತಿಳಿದವರು. ತಮ್ಮ ಗುರು ಜಿನಚಂದ್ರದೇವರ ನೆನಪಿಗೆಂದು ಕವಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಸಿದವರು ಇವರೇ. ಮುಂದೆ ಪುನ್ನಮಯ್ಯ ಕಾವೇರಿ ತೀರದ ಯುದ್ಧದಲ್ಲಿ ಸತ್ತ. ಈ ಶಾಂತಿಪುರಾಣದ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಆಗ ಚಾಲುಕ್ಯರ ತೈಲಪನ ಆಳ್ವಿಕೆ. ಅವನ ಮಹಾಮಂತ್ರಿ ಧಲ್ಲಪ. ಧಲ್ಲಪನ ಮಗ ನಾಗದೇವನಿಗೆ ಮಲ್ಲಪಯ್ಯ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಕೊಟ್ಟ. ಅತ್ತಿಮಬ್ಬೆ ಮತ್ತು ತಂಗಿ ಗುಂಡಮಬ್ಬೆ, ಇಬ್ಬರೂ ಒಂದೇ ಮನೆಯ ಸೊಸೆಯಂದಿರು. ಅತ್ತಿಮಬ್ಬೆಗೆ ಒಬ್ಬ ಮಗ ಹುಟ್ಟಿದ, ಅಣ್ಣಿಗದೇವ. ನಾಗದೇವ ಶೂರ, ರಾಜನಿಗೆ ಬೇಕಾದವ. ಆದರೆ ಬಾಳ ದಿನ ಬದುಕಲಿಲ್ಲ. ಅವನು ಸತ್ತಾಗ ಗುಂಡಮಬ್ಬೆ ಅವನ ಚಿತೆ ಏರಿದಳು. ಅತ್ತಿಮಬ್ಬೆ ಏರಲಿಲ್ಲ. ಮಗ ಚಿಕ್ಕವ, ಅವನನ್ನು ಬೆಳೆಸಬೇಕಿತ್ತು.

ಓದುತ್ತಾ ನಾವು ನಿಂತದ್ದು ಇಲ್ಲಿ. ಒಂದೇ ದಿನ ಗಂಡ ಹೋದ, ಒಡಹುಟ್ಟಿದ ತಂಗಿ ಹೋದಳು. ತಂಗಿ ಮಾಡಿದ್ದನ್ನು ಆ ಕಾಲ ಹೊಗಳುತ್ತಿತ್ತು. ಉಳಿದುಕೊಂಡವಳ ಪಾಲಿಗೆ ಏನು ಬಂದಿರಬೇಕು? ಮನೆ ತುಂಬ ಸಂಪತ್ತಿದ್ದರೂ ವಿಧವೆಯ ಬದುಕು ವಿಧವೆಯದೇ. ಅತ್ತಿಮಬ್ಬೆ ವ್ರತ ನೇಮಗಳಲ್ಲಿ ಮೈ ದಂಡಿಸಿದಳು, ಆದರೆ ಮೂಲೆ ಹಿಡಿದು ಕೂರಲಿಲ್ಲ. ತನ್ನ ಕೈಯಲ್ಲಿದ್ದ ಹಣವನ್ನು ಹೊರಗೆ ಹರಿಸಿದಳು. ಹೊನ್ನು ಮತ್ತು ರತ್ನದ 1500 ಜಿನಬಿಂಬಗಳನ್ನು ಮಾಡಿಸಿ ದಾನ ಕೊಟ್ಟಳು ಎಂದು ಹೇಳುತ್ತಾರೆ. ಬೆಳೆದ ಮಗ ಸೇನಾಪತಿಯಾದ. ಶಾಸನದಲ್ಲಿ ಅವನು ಪಡೆವಳ ತೈಲ.

ಆಕೆ ಮಾಡಿದ ದೊಡ್ಡ ಕೆಲಸ ಇನ್ನೊಂದು. ತಂದೆ ಮತ್ತು ಚಿಕ್ಕಪ್ಪ ಬರೆಸಿದ್ದ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಇವತ್ತು ನಮಗೆ ಇದು ದೊಡ್ಡದು ಅನ್ನಿಸೋದಿಲ್ಲ. ಪಿಡಿಎಫ್ ಒಂದು ಗುಂಪಿಗೆ ಹಾಕಿದರೆ ಸಾವಿರ ಮಂದಿಗೆ ಅರ್ಧ ನಿಮಿಷದಲ್ಲಿ ತಲುಪುತ್ತದೆ. ಆದರೆ ಆಗಿನ ಲೆಕ್ಕ ಹಾಕಿ ನೋಡ್ರಿ. ತಾಳೆಗರಿ ತಂದು, ಒಣಗಿಸಿ, ಹದ ಮಾಡಿ, ಒಂದೇ ಅಳತೆಗೆ ಕತ್ತರಿಸಬೇಕು. ಒಬ್ಬ ಲಿಪಿಕಾರ ಕೂತು ಒಂದೊಂದೇ ಅಕ್ಷರವನ್ನು ಗರಿಯ ಮೇಲೆ ಮೂಡಿಸಬೇಕು. ಆಮೇಲೆ ತೂತು ಮಾಡಿ, ದಾರ ಪೋಣಿಸಿ, ಹಲಗೆ ಇಟ್ಟು ಕಟ್ಟಬೇಕು. ಇದು ಒಂದು ಪ್ರತಿ. ಇಂಥವು ಸಾವಿರ. ಅಷ್ಟು ದಿನ ಲಿಪಿಕಾರರಿಗೆ ಊಟ, ಸಂಬಳ ಯಾರು ಕೊಡಬೇಕು? ಯುರೋಪಿನಲ್ಲಿ ಗುಟೆನ್‌ಬರ್ಗ್ ಅಚ್ಚಿನ ಯಂತ್ರದಲ್ಲಿ ಬೈಬಲ್ ಮುದ್ರಿಸಿದ್ದು ಇದಾಗಿ ಸುಮಾರು 450 ವರ್ಷದ ಮೇಲೆ. ಅದೂ ಸುಮಾರು 180 ಪ್ರತಿ.

ಪ್ರತಿ ಯಾಕೆ ಬೇಕು ಅನ್ನೋದಕ್ಕೂ ಕಾರಣ ಇದೆ. ತಾಳೆಗರಿಗೆ ಹುಳ ಹತ್ತುತ್ತದೆ, ತೇವ ತಗಲುತ್ತದೆ, ಬೆಂಕಿ ಬೀಳುತ್ತದೆ. ಹಳೆಯ ಗರಿ ಹಾಳಾಗುವ ಮೊದಲು ಹೊಸದಕ್ಕೆ ಇಳಿಸದೇ ಹೋದರೆ ಪುಸ್ತಕ ಸತ್ತಂತೆ. ಕನ್ನಡದಲ್ಲಿ ಬರೀ ಹೆಸರು ಉಳಿದು ಕೃತಿ ಕಾಣದಂತಾದ ಕಾವ್ಯಗಳು ಇದ್ದೇ ಇವೆ. ಅದೇ ಪೊನ್ನನ ಶಾಂತಿಪುರಾಣ ಇವತ್ತಿಗೂ ನಮ್ಮ ಕೈಗೆ ಸಿಗುತ್ತದೆ. ಒಂದೇ ಕಡೆ ಇಟ್ಟದ್ದು ಒಂದೇ ದಿನ ಹೋಗಬಹುದು, ಸಾವಿರ ಕಡೆ ಇಟ್ಟದ್ದು ಹಂಗ ಹೋಗೋದಿಲ್ಲ. ಬ್ಯಾಕಪ್ ಅಂತ ನಾವು ಕರೆಯೋದನ್ನು ಆಕೆ ಸಾವಿರ ವರ್ಷದ ಹಿಂದೆ ಮಾಡಿಸಿದ್ದಳು.

ಹಳೆಯದನ್ನು ಉಳಿಸಿದ್ದಷ್ಟೇ ಅಲ್ಲ, ಹೊಸದನ್ನೂ ಬರೆಸಿದಳು. ಮುಧೋಳದ ಬಳೆಗಾರರ ಮನೆಯ ಹುಡುಗ ರನ್ನ ಗಂಗರ ನಾಡಿಗೆ ಹೋಗಿ, ಚಾವುಂಡರಾಯನ ಆಸರೆಯಲ್ಲಿ ಕಲಿತು, ಕವಿಯಾಗಿ ಬಂದಿದ್ದ. ಅವನಿಗೆ ಅತ್ತಿಮಬ್ಬೆ ಆಶ್ರಯ ಕೊಟ್ಟಳು. 993ರಲ್ಲಿ ಅಜಿತಪುರಾಣ ಮುಗಿಯಿತು. ಎರಡನೆಯ ತೀರ್ಥಂಕರನ ಕಥೆ ಹೇಳುವ ಆ ಕಾವ್ಯದಲ್ಲೇ ರನ್ನ ಆಕೆಯ ಮನೆತನದ ಕಥೆಯನ್ನೂ ಬರೆದಿಟ್ಟ. ನಾವು ಮೇಲೆ ಹೇಳಿದ ಬಹಳಷ್ಟು ಸಂಗತಿ ಉಳಿದದ್ದು ಹಾಗೆ. ಅವನು ತನ್ನ ಮಗನಿಗೆ ರಾಯ ಅಂತಲೂ ಮಗಳಿಗೆ ಅತ್ತಿಮಬ್ಬೆ ಅಂತಲೂ ಹೆಸರಿಟ್ಟ. ಋಣ ತೀರಿಸೋಕೆ ಕವಿಯ ಹತ್ತಿರ ಇದ್ದ ದಾರಿ ಅದು.

ಬಸದಿ ಕಟ್ಟಿದ್ದು ಅದಾಗಿ 14 ವರ್ಷಕ್ಕೆ. ತೈಲಪ ಹೋಗಿ, ಅವನ ಮಗ ಸತ್ಯಾಶ್ರಯ ಪಟ್ಟದಲ್ಲಿದ್ದ. ಅಷ್ಟೊತ್ತಿಗೆ ಅತ್ತಿಮಬ್ಬೆಯ ಸುತ್ತ ಪವಾಡದ ಕಥೆಗಳು ಬೆಳೆದಿದ್ದವು. ಜಿನನ ಮೂರ್ತಿಯನ್ನು ತಲೆ ಮೇಲಿಟ್ಟುಕೊಂಡು ಹೊಳೆಗೆ ಇಳಿದಾಗ ಪ್ರವಾಹ ನಿಂತಿತು, ಮದವೇರಿದ ಆನೆ ಆಕೆಯ ಮುಂದೆ ತಣ್ಣಗಾಯಿತು ಎಂಬಂಥವು. ನಂಬೋದು ಬಿಡೋದು ಅವರವರಿಗೆ ಬಿಟ್ಟದ್ದು. ಬದುಕಿ ಉಳಿದದ್ದಕ್ಕೆ ಮಾತು ಕೇಳಬೇಕಾಗಿದ್ದ ಹೆಂಗಸನ್ನು ಮಂದಿ ಹೊಳೆ ನಿಲ್ಲಿಸುವವಳನ್ನಾಗಿ ಕಂಡರು ಅನ್ನೋದು ಮಾತ್ರ ನಮಗೆ ದೊಡ್ಡದಾಗಿ ಕಂಡಿತು.

ಬಸದಿಯ ಪಕ್ಕದಲ್ಲೇ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಇದೆ, ಬಿಡಬೇಡಿ. ಅಲ್ಲಿಂದ ಕಾಶಿವಿಶ್ವೇಶ್ವರ, ನನ್ನೇಶ್ವರ ಗುಡಿ ನೋಡಿ, ಕಡೆಗೆ ಮಾಣಿಕೇಶ್ವರದ ಮುಸುಕಿನ ಬಾವಿಗೆ ಹೋದೆವು. ಬಾವಿ ಅಂದರೆ ಬರೀ ತೂತಲ್ಲ. ಮೂರು ಕಡೆ ಮೆಟ್ಟಿಲು, ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಗಳು. ನೀರು ಏರಲಿ ಇಳಿಯಲಿ, ಕೊಡ ಹಿಡಿದು ಬಂದವರಿಗೆ ಕಾಲಿಡೋಕೆ ಒಂದು ಮೆಟ್ಟಿಲು ಇದ್ದೇ ಇರುತ್ತದೆ. ಸಂಜೆ ಬಿಸಿಲು ಮೇಲಿನ ಮೆಟ್ಟಿಲ ಮೇಲೆ ಮಾತ್ರ ಇತ್ತು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಮರಳಿ ಬಂದ ಮೇಲೆ ಒಂದು ಕೆಲಸ ಮಾಡಿದೆವು. ನಮ್ಮ ಬಳಗದ ಹಿರಿಯರು ಕೈಬರಹದಲ್ಲಿ ತರುತ್ತಿದ್ದ ಸಂಚಿಕೆಗಳು ಒಂದು ಕಪಾಟಿನಲ್ಲಿದ್ದವು. ತೆಗೆದು ನೋಡಿದರೆ ಕೆಳಗಿನ ಕಟ್ಟಿಗೆ ಗೆದ್ದಲು ಹತ್ತಿತ್ತು. ಎರಡು ಸಂಚಿಕೆ ಪೂರ್ತಿ ಹೋಗಿವೆ, ಅವುಗಳಲ್ಲಿ ಯಾರು ಏನು ಬರೆದಿದ್ದರೋ ಇನ್ನು ತಿಳಿಯೋದಿಲ್ಲ. ಉಳಿದವನ್ನು ಹಾಳೆ ಹಾಳೆಯಾಗಿ ಫೋಟೋ ತೆಗೆದು ಐದು ಕಡೆ ಇಟ್ಟಿದ್ದೇವೆ. ಸಾವಿರ ಅಲ್ಲ, ಐದೇ. ಸದ್ಯಕ್ಕೆ ಅಷ್ಟಾದರೂ ಆಯಿತು.

ನೀವೂ ಲಕ್ಕುಂಡಿಗೆ ಹೋಗ್ರಿ. ಬೆಳಗ್ಗೆ ಇಲ್ಲಾ ನಾಲ್ಕು ಗಂಟೆಯ ಮೇಲೆ ಹೋದರೆ ಬಿಸಿಲು ಕಾಡೋದಿಲ್ಲ. ಕುಡಿಯೋ ನೀರು ಜೊತೆಗಿರಲಿ, ಬಾವಿಯ ಕೆಳಗಿನ ಮೆಟ್ಟಿಲಿಗೆ ಪಾಚಿ ಇದ್ದರೆ ಇಳಿಯಬೇಡಿ. ನಿಮ್ಮ ಮನೆಯ ಅಟ್ಟದ ಮೇಲೆ ಅಜ್ಜಿ ಬರೆದಿಟ್ಟ ಹಾಡಿನ ನೋಟುಪುಸ್ತಕ ಇದ್ದರೆ, ಹೋಗೋ ಮೊದಲು ಅದನ್ನೊಂದು ಸಲ ಕೆಳಗಿಳಿಸಿ ನೋಡಿ.