ಹೆಸರೇ ಅಪರಾಧವಾದ ಕುಲದಲ್ಲಿ ಹುಟ್ಟಿದ ರಾಬ್ ರಾಯ್

ಕೊಲೆಗೆ, ರಾಜದ್ರೋಹಕ್ಕೆ ಮರಣದಂಡನೆ ವಿಧಿಸಿದ ಪ್ರಸಂಗಗಳು ಇತಿಹಾಸದಲ್ಲಿ ಬೇಕಾದಷ್ಟಿವೆ. ಆದರೆ ತಾತ ಮುತ್ತಾತಂದಿರಿಂದ ಬಂದ ಕುಲನಾಮವನ್ನು ಉಳಿಸಿಕೊಂಡದ್ದಕ್ಕೇ ಮರಣದಂಡನೆ ಎಂಬ ಕಾನೂನು ಸ್ಕಾಟ್ಲೆಂಡಿನಲ್ಲಿತ್ತು ಎಂದರೆ ಅಚ್ಚರಿಯಾದೀತು. ಆ ಕುಲನಾಮ ಮ್ಯಾಕ್‌ಗ್ರೆಗರ್. ಅದನ್ನು ಜಗತ್ಪ್ರಸಿದ್ಧಗೊಳಿಸಿದವನು ರಾಬ್ ರಾಯ್. ವಿಪರ್ಯಾಸವೆಂದರೆ, ಆತನ ವಯಸ್ಕ ಬದುಕಿನ ಬಹುಭಾಗ ಆ ಹೆಸರಿನಲ್ಲಿ ಸಹಿ ಹಾಕುವುದು ಕಾನೂನುಬಾಹಿರವಾಗಿತ್ತು.

ಗೇಲಿಕ್ ಭಾಷೆಯಲ್ಲಿ 'ಮ್ಯಾಕ್' ಎಂದರೆ ಮಗ. ಗ್ರೆಗರ್ ಎಂಬುದು ಗ್ರೆಗರಿ ಎಂಬ ಕ್ರೈಸ್ತ ನಾಮದ ರೂಪ. ಅದರ ಗ್ರೀಕ್ ಮೂಲಕ್ಕೆ ಎಚ್ಚರವಾಗಿರುವವನು ಎಂಬ ಅರ್ಥವಿದೆ. ಕುಲದವರು ತಮ್ಮ ವಂಶವನ್ನು 9ನೇ ಶತಮಾನದ ದೊರೆ ಕೆನೆತ್ ಮ್ಯಾಕ್‌ಆಲ್ಪಿನನ ಸೋದರನವರೆಗೂ ಒಯ್ಯುತ್ತಾರಾದರೂ ನಂಬಬಹುದಾದ ದಾಖಲೆಗಳು ದೊರೆಯುವುದು 14ನೇ ಶತಮಾನದಿಂದೀಚೆಗೆ. ಗ್ಲೆನಾರ್ಕಿ, ಗ್ಲೆನ್‌ಸ್ಟ್ರೇ ಕಣಿವೆಗಳು ಅವರ ನೆಲೆಯಾಗಿದ್ದವು. ಆದರೆ ಆ ಭೂಮಿಯ ಹಕ್ಕುಪತ್ರಗಳು ಬಲಾಢ್ಯರಾದ ಕ್ಯಾಂಪ್‌ಬೆಲ್ ಕುಲದವರ ವಶವಾದವು. ಮ್ಯಾಕ್‌ಗ್ರೆಗರ್‌ಗಳಿಗೆ ಉಳಿದದ್ದು ಕತ್ತಿಯೊಂದೇ. ನೆಲ ಕಳೆದುಕೊಂಡವರು ದನಗಳ್ಳತನಕ್ಕೆ ಇಳಿದರು.

1603ರ ಫೆಬ್ರವರಿಯಲ್ಲಿ ಗ್ಲೆನ್ ಫ್ರೂಯಿನ್ ಎಂಬಲ್ಲಿ ಮ್ಯಾಕ್‌ಗ್ರೆಗರ್‌ಗಳು ನೆರೆಯ ಕಹೂನ್ ಕುಲದವರ ಮಾರಣಹೋಮ ನಡೆಸಿದರು. ಆರನೇ ಜೇಮ್ಸ್ ದೊರೆಗೆ ಅಷ್ಟೇ ಸಾಕಾಯಿತು. ಇಂಗ್ಲೆಂಡಿನ ಸಿಂಹಾಸನವೇರಲು ಆತ ಲಂಡನ್ನಿಗೆ ಹೊರಡುವ ಎರಡು ದಿನ ಮುಂಚೆ, ಏಪ್ರಿಲ್ 3ರಂದು, ಪ್ರಿವಿ ಕೌನ್ಸಿಲ್ ಮ್ಯಾಕ್‌ಗ್ರೆಗರ್ ಎಂಬ ಹೆಸರನ್ನೇ ರದ್ದುಗೊಳಿಸಿತು. ಬೇರೆ ಹೆಸರು ಇಟ್ಟುಕೊಳ್ಳದವರಿಗೆ ಸಾವೇ ಶಿಕ್ಷೆ. ಮಾಂಸ ಕೊಯ್ಯುವ ಮೊನೆಯಿಲ್ಲದ ಚಾಕುವಿನ ಹೊರತು ಆಯುಧ ಇಟ್ಟುಕೊಳ್ಳುವಂತಿರಲಿಲ್ಲ. 1613ರ ಇನ್ನೊಂದು ಆಜ್ಞೆಯ ಪ್ರಕಾರ ನಾಲ್ವರಿಗಿಂತ ಹೆಚ್ಚು ಮಂದಿ ಒಟ್ಟಿಗೆ ಸೇರುವಂತೆಯೂ ಇರಲಿಲ್ಲ. ಕುಲದ ಮುಖ್ಯಸ್ಥ ಅಲಸ್ಟೇರ್‌ನನ್ನು 1604ರ ಜನವರಿಯಲ್ಲಿ ಎಡಿನ್‌ಬರೊದಲ್ಲಿ ಗಲ್ಲಿಗೇರಿಸಲಾಯಿತು. ಉಳಿದವರು ಗ್ರಹಾಂ, ಮರ್ರೆ, ಡ್ರಮಂಡ್, ಸ್ಟೀವರ್ಟ್ ಎಂಬ ಹೆಸರುಗಳಲ್ಲಿ ಅಡಗಿಕೊಂಡರು. ಕೆಲವರು ಕ್ಯಾಂಪ್‌ಬೆಲ್ ಎಂದೂ ಕರೆದುಕೊಂಡರು!

ಅಂತರ್ಯುದ್ಧದಲ್ಲಿ ಅರಸನ ಪರವಾಗಿ ಕಾದಾಡಿದ ಕುಲಕ್ಕೆ 1661ರಲ್ಲಿ ಎರಡನೇ ಚಾರ್ಲ್ಸ್ ಹೆಸರನ್ನು ಮರಳಿಸಿದ. ಹೀಗಾಗಿ, 1671ರ ಮಾರ್ಚ್‌ನಲ್ಲಿ ಕ್ಯಾಟ್ರಿನ್ ಸರೋವರದ ತುದಿಯ ಗ್ಲೆನ್‌ಗೈಲ್‌ನಲ್ಲಿ ಡೊನಾಲ್ಡ್ ಮ್ಯಾಕ್‌ಗ್ರೆಗರನ ಮಗನಿಗೆ ದೀಕ್ಷಾಸ್ನಾನವಾದಾಗ ಆ ಹೆಸರು ಕಾನೂನುಬದ್ಧವಾಗಿಯೇ ಇತ್ತು. ಹುಡುಗನದು ಕೆಂಗೂದಲು. ಗೇಲಿಕ್‌ನ 'ರುವಾ', ಅಂದರೆ ಕೆಂಪು, ಜನರ ಬಾಯಲ್ಲಿ 'ರಾಯ್' ಆಯಿತು.

1689ರಲ್ಲಿ ಪದಚ್ಯುತ ದೊರೆ ಎರಡನೇ ಜೇಮ್ಸ್‌ನ ಪರವಾಗಿ ತಂದೆಯೊಡನೆ ಕಿಲಿಕ್ರ್ಯಾಂಕಿ ಕದನಕ್ಕೆ ಹೋದಾಗ ರಾಬ್‌ಗೆ 18 ವರ್ಷ. ಕದನ ಗೆದ್ದರೂ ದಂಗೆ ಸೋತಿತು, ತಂದೆ ಸೆರೆಮನೆ ಸೇರಿದ. 1693ರಲ್ಲಿ ವಿಲಿಯಂ ದೊರೆಯ ಆಡಳಿತ ಹಳೆಯ ನಿಷೇಧವನ್ನು ಮತ್ತೆ ಹೇರಿತು. ಅದೇ ವರ್ಷ ತನ್ನದೇ ಕುಲದ ಮೇರಿಯನ್ನು ಮದುವೆಯಾದ ರಾಬ್, ವ್ಯವಹಾರಕ್ಕಾಗಿ ತಾಯಿ ಮಾರ್ಗರೆಟ್‌ಳ ತವರಿನ ಹೆಸರನ್ನು ಇಟ್ಟುಕೊಳ್ಳಬೇಕಾಯಿತು. ತಾಯಿ ಕ್ಯಾಂಪ್‌ಬೆಲ್ ಮನೆತನದವಳು. ಪೂರ್ವಜರ ಕಣಿವೆಗಳನ್ನು ಕಸಿದುಕೊಂಡವರ ಹೆಸರೇ ಆತನ ಕಾಗದಪತ್ರಗಳಲ್ಲಿ ನಿಂತಿತು.

ಆತನ ಕಸುಬು ದನದ ವ್ಯಾಪಾರ. ಬೆಟ್ಟನಾಡಿನ ದನಗಳನ್ನು ಕೊಂಡು ಕ್ರೀಫ್‌ನ ಸಂತೆಯಂತಹ ಕಡೆ ಮಾರುವುದು, ಜೊತೆಗೆ ಇತರರ ಮಂದೆಗಳನ್ನು ಕಳ್ಳರಿಂದ ಕಾಯಲು ಹಣ ಪಡೆಯುವುದು. ಹಣ ಕೊಡದವರ ದನ ಕಾಣೆಯಾಗುತ್ತಿದ್ದುದೂ ಉಂಟು. ಈ ಕಾವಲು ಕಾಣಿಕೆಯ ಹೆಸರು ಬ್ಲ್ಯಾಕ್‌ಮೇಲ್. ನಮ್ಮ ಅಪರಾಧ ವರದಿಗಳಲ್ಲಿ ದಿನನಿತ್ಯ ಕಾಣಿಸುವ ಪದ ಇದೇ. ಇಲ್ಲಿನ 'ಮೇಲ್‌'ಗೂ ಅಂಚೆಗೂ ಸಂಬಂಧವಿಲ್ಲ, ಸ್ಕಾಟ್ಸ್ ನುಡಿಯಲ್ಲಿ ಅದಕ್ಕೆ ಗೇಣಿ ಅಥವಾ ಕಂದಾಯ ಎಂಬ ಅರ್ಥ.

ದೊಡ್ಡ ಹೊಡೆತ ಬಿದ್ದದ್ದು 1712ರ ಸುಮಾರಿಗೆ. ಮಾಂಟ್ರೋಸ್‌ನ ಡ್ಯೂಕ್ ಮೊದಲಾದವರಿಂದ ದನ ಕೊಳ್ಳಲು ಪಡೆದ ಸುಮಾರು 1,000 ಪೌಂಡ್ ಮರಳಿಸಲಾಗಲಿಲ್ಲ. ಆತ ನಂಬಿದ ಆಳೇ ಹಣದೊಡನೆ ಪರಾರಿಯಾದನೆಂಬುದು ಪ್ರಚಲಿತ ಕಥೆ. ಆತನನ್ನು ಹಿಡಿಯಬೇಕೆಂದು 1712ರ ಜೂನ್‌ನಲ್ಲಿ ಎಡಿನ್‌ಬರೊ ಪತ್ರಿಕೆಯೊಂದರಲ್ಲಿ ಪ್ರಕಟಣೆ ಹೊರಬಿತ್ತು. ಅದರಲ್ಲಿ ಆರೋಪಿಯ ಹೆಸರು ರಾಬರ್ಟ್ ಕ್ಯಾಂಪ್‌ಬೆಲ್. ಜನ ಆತನನ್ನು ರಾಬ್ ರಾಯ್ ಮ್ಯಾಕ್‌ಗ್ರೆಗರ್ ಎನ್ನುತ್ತಾರೆಂಬ ವಿವರಣೆಯೂ ಪಕ್ಕದಲ್ಲಿತ್ತು. ನಿಷೇಧಿತ ಹೆಸರಿಲ್ಲದೆ ಆತನ ಗುರುತು ಹತ್ತುವುದಿಲ್ಲವೆಂಬುದು ದೂರುದಾರರಿಗೂ ತಿಳಿದಿತ್ತು.

ಹೆಂಡತಿ ಮಕ್ಕಳು ಮನೆಯಿಂದ ಹೊರದೂಡಲ್ಪಟ್ಟರು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಮಾಂಟ್ರೋಸ್‌ನ ದನಗಳೂ ಗೇಣಿಯ ಹಣವೂ ರಾಬ್‌ನ ಪಾಲಾದವು. 1717ರಲ್ಲಿ ಮಾಂಟ್ರೋಸ್‌ನ ಕೈಗೆ ಸಿಕ್ಕು ನದಿ ದಾಟುವಾಗ ತಪ್ಪಿಸಿಕೊಂಡ. ಅದೇ ವರ್ಷ ಆಥೋಲ್‌ನ ಡ್ಯೂಕ್ ಲೋಗಿರೇಟ್‌ನಲ್ಲಿ ಕೂಡಿಹಾಕಿದಾಗ ಅಲ್ಲಿಂದಲೂ ಪಾರಾದ.

ಆತನನ್ನು ನಿಷ್ಕಳಂಕ ವೀರನೆಂದು ಒಪ್ಪುವುದು ಕಷ್ಟ. 1715ರ ದಂಗೆಯಲ್ಲಿ ಬಂಡುಕೋರರ ಪಾಳೆಯದಲ್ಲಿದ್ದರೂ ಷೆರಿಫ್‌ಮ್ಯೂರ್ ಕದನದಲ್ಲಿ ರಾಬ್ ಕತ್ತಿ ಎತ್ತದೆ ನಿಂತ. ಎದುರಾಳಿ ಸೇನಾಪತಿ ಆರ್ಗೈಲ್‌ನ ಡ್ಯೂಕ್, ಆತನೂ ಒಬ್ಬ ಕ್ಯಾಂಪ್‌ಬೆಲ್. ಮುಂದೆ ರಾಬ್‌ಗೆ ಆಶ್ರಯ ಕೊಟ್ಟವನೂ ಅವನೇ. ತಾಯಿಯ ಕಡೆಯ ಹೆಸರು ಕೇವಲ ಮುಖವಾಡವಾಗಿರಲಿಲ್ಲವೆಂದೇ ತೋರುತ್ತದೆ. 1717ರಲ್ಲಿ ಬಂಡುಕೋರರಿಗೆ ಸಾರ್ವತ್ರಿಕ ಕ್ಷಮಾದಾನ ಘೋಷಿತವಾದಾಗ ಮ್ಯಾಕ್‌ಗ್ರೆಗರ್ ಕುಲವನ್ನು ಮಾತ್ರ ಹೆಸರಿಸಿ ಹೊರಗಿಡಲಾಯಿತು. ಕಾಗದದ ಮೇಲೆ ಇಲ್ಲದ ಹೆಸರು ಶಿಕ್ಷೆಯ ಹೊತ್ತಿಗೆ ಸರ್ಕಾರಕ್ಕೆ ನೆನಪಾಯಿತು!

1725ರಲ್ಲಿ ಜನರಲ್ ವೇಡ್‌ಗೆ ಶರಣಾದ ರಾಬ್ ಕ್ಷಮೆ ಪಡೆದ. 1734ರ ಡಿಸೆಂಬರ್ 28ರಂದು ಬಾಲ್‌ವಿಡರ್‌ ಸಮೀಪದ ತನ್ನ ಮನೆಯಲ್ಲಿ ಹಾಸಿಗೆಯ ಮೇಲೆಯೇ ಕೊನೆಯುಸಿರೆಳೆದ. ಆತನ ಪುತ್ರರು ಡ್ರಮಂಡ್ ಎಂಬ ಹೆಸರನ್ನೂ ಬಳಸಿದರು. ಕಿರಿಯ ಮಗ ರಾಬಿನ್ ಓಗ್ ಯುವ ವಿಧವೆಯೊಬ್ಬಳ ಅಪಹರಣಕ್ಕಾಗಿ 1754ರಲ್ಲಿ ಗಲ್ಲಿಗೇರಿದ.

ನಿಷೇಧ ಶಾಶ್ವತವಾಗಿ ತೊಲಗಿದ್ದು 1774ರಲ್ಲಿ, ರಾಬ್ ತೀರಿಕೊಂಡು 40 ವರ್ಷಗಳಾಗುತ್ತಿದ್ದಾಗ. ಮುಂದೆ ಕುಲಕ್ಕೊಬ್ಬ ಮುಖ್ಯಸ್ಥನನ್ನು ಒಪ್ಪಿ 826 ಮಂದಿ ಸಹಿ ಹಾಕಿದರು. ಹಾಗೆ ಆಯ್ಕೆಯಾದವನ ಹೆಸರು ಜಾನ್ ಮರ್ರೆ. 1817ರ ಕೊನೆಯಲ್ಲಿ ವಾಲ್ಟರ್ ಸ್ಕಾಟ್‌ನ ಕಾದಂಬರಿ 'ರಾಬ್ ರಾಯ್' ಪ್ರಕಟವಾದ ಮೇಲಂತೂ ಕೆಂಗೂದಲ ದನದ ವ್ಯಾಪಾರಿ ಮನೆಮಾತಾದ. 1995ರಲ್ಲಿ ಹಾಲಿವುಡ್ ಚಿತ್ರವೂ ಬಂತು. ಆದರೆ ಗ್ರಹಾಂ, ಡ್ರಮಂಡ್, ಮರ್ರೆಗಳಾಗಿ ತಲೆಮಾರುಗಳನ್ನು ಕಳೆದ ಎಷ್ಟೋ ಮನೆತನಗಳು ಹಳೆಯ ಹೆಸರಿಗೆ ಮರಳಲೇ ಇಲ್ಲ. ಬಾಲ್‌ವಿಡರ್‌ ಚರ್ಚಿನ ಅಂಗಳದಲ್ಲಿ ರಾಬ್‌ನ ಸಮಾಧಿಯಿದೆ. ಅಲ್ಲಿ ಬಹುಕಾಲದ ನಂತರ ನಿಲ್ಲಿಸಿದ ಕಲ್ಲಿನ ಮೇಲೆ ಕೆತ್ತಿರುವುದು ಕ್ಯಾಂಪ್‌ಬೆಲ್ ಎಂದಲ್ಲ, ಮ್ಯಾಕ್‌ಗ್ರೆಗರ್ ಎಂದು.